ಬ್ರಾಮ್ಸ್‌ನ ನಾಲ್ಕನೆಯ ಸಿಂಫನಿ: ನನ್ನ ಕ್ಯಾಸೆಟ್ಟಿನಲ್ಲಿದ್ದ ವೇಗ ಬೇರೆಲ್ಲೂ ಏಕಿಲ್ಲ?

ಶಿವಮೊಗ್ಗದ ಗಣಿತ ಟೀಚರ್ ಕೇಳಿದ್ದು:

ನಮಸ್ಕಾರ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಪಾಶ್ಚಾತ್ಯ ಸಂಗೀತವನ್ನು ಯಾರ ಬಳಿಯೂ ಕಲಿತಿಲ್ಲ. ನನಗೆ ಗೊತ್ತಿರುವುದು ಒಂದೇ ಸಿಂಫನಿ, ಅಂದರೆ ದೊಡ್ಡ ವಾದ್ಯವೃಂದಕ್ಕೆಂದು ಬರೆದ ಹಲವು ಭಾಗಗಳ ಒಂದು ಕೃತಿ. ಆದರೆ ಅದು ಬಾಯಿಪಾಠವಾದ ಮಗ್ಗಿಯ ಹಾಗೆ ಗೊತ್ತು.

1988ರಲ್ಲಿ, ಜರ್ಮನಿಯಲ್ಲಿ ಕೆಲಸಕ್ಕಿದ್ದ ನನ್ನ ಅಣ್ಣ ರಜೆಗೆ ಬಂದಾಗ ಒಂದು ಕ್ಯಾಸೆಟ್ ಕೊಟ್ಟು ಹೋದ. ಜರ್ಮನ್ ಸಂಗೀತಗಾರ ಬ್ರಾಮ್ಸ್‌ನ ನಾಲ್ಕನೆಯ ಸಿಂಫನಿ, ವಾದ್ಯವೃಂದ ವಿಯೆನ್ನಾ ಫಿಲ್ಹಾರ್ಮೋನಿಕ್, ನಿರ್ದೇಶಕ ಕಾರ್ಲೋಸ್ ಕ್ಲೈಬರ್. ಮೊದಲ ಎರಡು ಭಾಗ ಒಂದು ಮಗ್ಗುಲಿನಲ್ಲಿ, ಉಳಿದೆರಡು ಇನ್ನೊಂದರಲ್ಲಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಮನೆಯ ಟೂ ಇನ್ ಒನ್‌ನಲ್ಲಿ ಕೇಳಿದ್ದೇನೆ. ಎರಡನೆಯ ಭಾಗ ಮುಗಿದ ಮೇಲೆ ಎದ್ದು ಹೋಗಿ ಕ್ಯಾಸೆಟ್ ತಿರುಗಿಸುವುದು ನನ್ನ ಪಾಲಿಗೆ ಆ ಸಂಗೀತದ ಭಾಗವೇ ಆಗಿಬಿಟ್ಟಿದೆ. ಉತ್ತರ ಪತ್ರಿಕೆ ತಿದ್ದುವ ದಿನಗಳಲ್ಲಿ ರಾತ್ರಿ ಒಂದು ಮಗ್ಗುಲು ಕೇಳಿಯೇ ಮಲಗುತ್ತಿದ್ದೆ.

ಕಳೆದ ತಿಂಗಳು ಅಣ್ಣನ ಮಗ ಒಂದು ಒಳ್ಳೆಯ ಹೆಡ್‌ಫೋನ್ ತಂದುಕೊಟ್ಟು, ಮೊಬೈಲಿನಲ್ಲಿ ಎಲ್ಲ ಧ್ವನಿಮುದ್ರಣಗಳೂ ಸಿಗುವಂತೆ ಮಾಡಿಕೊಟ್ಟ. ಆಸೆಯಿಂದ ಇದೇ ಸಿಂಫನಿಯನ್ನು ಐದು ನಿರ್ದೇಶಕರದ್ದು ಕೇಳಿದೆ: ಕ್ಲೆಂಪರರ್, ಫುರ್ಟ್‌ವೆಂಗ್ಲರ್, ಟೊಸ್ಕನೀನಿ, ಮೆಕೆರಸ್, ಕೊನೆಗೆ ನನ್ನ ಕ್ಲೈಬರ್. ಐದೂ ಭಾರವಾಗಿ, ಮಂದವಾಗಿ ಕೇಳಿಸಿದವು. ನನಗೆ ದಿಗಿಲಾದದ್ದು ಐದನೆಯದರಿಂದ. ಅದೇ ವಿಯೆನ್ನಾ, ಅದೇ ನಿರ್ದೇಶಕ, ಹೊದಿಕೆಯ ಚಿತ್ರವೂ ಅದೇ. ಆದರೂ ಅದು ನನ್ನದಲ್ಲ. ಕ್ಲೈಬರ್ ಇದನ್ನು ಎರಡು ಸಲ ಧ್ವನಿಮುದ್ರಿಸಿದ್ದನೇ? ಅಥವಾ ಒಂದನ್ನೇ ಕೇಳಿ ಕೇಳಿ ನನ್ನ ಕಿವಿ ಬೇರೇನನ್ನೂ ಒಪ್ಪದಂತಾಗಿದೆಯೇ? ತಿಳಿದವರು ದಯವಿಟ್ಟು ಹೇಳಿ.

ಮಲ್ಲೇಶ್ವರದ ಪಿಟೀಲು:

ಮೇಡಂ, ನಾನು ಬೆಂಗಳೂರಿನ ಒಂದು ಸಣ್ಣ ವಾದ್ಯವೃಂದದಲ್ಲಿ ಎರಡನೆಯ ಪಿಟೀಲಿನ ಸಾಲಿನಲ್ಲಿ ಕೂರುವವನು. ಹಾರ್ಮೋನಿಯಂ ಅಥವಾ ಶ್ರುತಿಪೆಟ್ಟಿಗೆ ಮನೆಯಲ್ಲಿದ್ದರೆ ಮೊದಲು ಒಂದು ಪರೀಕ್ಷೆ ಮಾಡಿ. ಈ ಸಿಂಫನಿ ಇ ಮೈನರ್‌ನಲ್ಲಿ, ಅಂದರೆ ‘ಇ’ ಸ್ವರವೇ ಆಧಾರವಾಗಿ, ಮುಗಿಯುತ್ತದೆ. ಹಾರ್ಮೋನಿಯಂನಲ್ಲಿ ಅದು ಬಿಳಿ ಮೂರು. ನಿಮ್ಮ ಕ್ಯಾಸೆಟ್ಟಿನ ಕೊನೆಯ ಹೊಡೆತ ಆ ಶ್ರುತಿಗೆ ಕೂಡುತ್ತದೆಯೇ ನೋಡಿ. ವಿಯೆನ್ನಾದವರು ಉಳಿದವರಿಗಿಂತ ಕೂದಲೆಳೆಯಷ್ಟು ಏರಿಸಿ ಶ್ರುತಿ ಮಾಡುತ್ತಾರೆ, ಅದು ಲೆಕ್ಕಕ್ಕಿಲ್ಲ. ಟೇಪ್ ಬೇಗ ಓಡಿದರೆ ಶ್ರುತಿಯೂ ಏರುತ್ತದೆ, ಹಾಗಾಗಿ ಬಿಳಿ ನಾಲ್ಕರ ಹತ್ತಿರ ಹೋಗಿದ್ದರೆ ನಿಮ್ಮ ಯಂತ್ರವೇ ವೇಗವಾಗಿ ಓಡುತ್ತಿದೆ ಎಂದು ಅರ್ಥ. ಹಳೆಯ ಟೂ ಇನ್ ಒನ್‌ಗಳಲ್ಲಿ ಇದು ಬಹಳ ಸಾಮಾನ್ಯ.

ಕ್ಲೈಬರ್ ಸ್ಟುಡಿಯೋ ಧ್ವನಿಮುದ್ರಣವೆಂದು ಮಾಡಿದ್ದು ಒಂದೇ. 1980ರ ಮಾರ್ಚ್‌ನಲ್ಲಿ, ವಿಯೆನ್ನಾದ ಮ್ಯೂಸಿಕ್‌ಫೆರೈನ್ ಸಭಾಂಗಣದಲ್ಲಿ, ಡಾಯ್ಚ ಗ್ರಾಮೊಫೋನ್ ಸಂಸ್ಥೆಗೆ. ಡಿಜಿಟಲ್ ತಂತ್ರಜ್ಞಾನದ ಮೊದಮೊದಲ ದಿನಗಳು ಅವು. ಹಾಗಾಗಿ ಪಿಟೀಲುಗಳ ಮೇಲುಸ್ವರಗಳು ಸ್ವಲ್ಪ ಒರಟು. ಕ್ಯಾಸೆಟ್ ಆ ಒರಟನ್ನು ಮೆತ್ತಗೆ ಮಾಡಿರಲೂಬಹುದು.

ಉಳಿದವರು ಮಂದ ಎಂಬುದಕ್ಕೆ ಬರುತ್ತೇನೆ, ಏಕೆಂದರೆ ಈ ವಿಷಯ ನನಗೆ ಬಹಳ ಹತ್ತಿರದ್ದು. ಬ್ರಾಮ್ಸ್ ತನ್ನ ಸಿಂಫನಿಗಳಿಗೆ ಮೆಟ್ರೊನೋಮ್ ಅಂಕಿಗಳನ್ನು (ನಿಮಿಷಕ್ಕೆ ಎಷ್ಟು ಬಡಿತ ಎಂಬ ಲೆಕ್ಕ) ಕೊಡಲೇ ಇಲ್ಲ. ಮೊದಲ ಭಾಗಕ್ಕೆ ಬರೆದದ್ದು ‘ಅಲೆಗ್ರೊ ನಾನ್ ಟ್ರೊಪ್ಪೊ’ ಎಂದಷ್ಟೇ: ಚುರುಕಾಗಿ, ಆದರೆ ಅತಿಯಾಗದಂತೆ. ಹೊಸದಾಗಿ ನುಡಿಸುವವರಿಗೆ ನೆರವಾಗಲೆಂದು ಪ್ರತಿಯಲ್ಲಿ ಕೆಲವು ಕಡೆ ಪೆನ್ಸಿಲಿನಿಂದ ವೇಗದ ಏರಿಳಿತ ಗುರುತಿಸಿದ್ದಾಗಿ ಗೆಳೆಯ ಯೋವಾಕಿಮ್‌ಗೆ ಬರೆದಿದ್ದ. ಕೃತಿ ಪರಿಚಿತವಾದ ಮೇಲೆ ಅವು ಬೇಕಿಲ್ಲ ಎಂಬುದು ಅವನ ಅಭಿಪ್ರಾಯ, ಅಚ್ಚಿಗೆ ಹೋಗುವಾಗ ಅವು ಉಳಿಯಲೂ ಇಲ್ಲ. ಹೀಗೆ ಅಳಿಸಿದ ಪೆನ್ಸಿಲ್ ಗೆರೆಗಳ ಜಾಗದಲ್ಲಿ ಪ್ರತಿ ನಿರ್ದೇಶಕನೂ ತನ್ನ ಗೆರೆ ಎಳೆಯುತ್ತಾನೆ. ಫುರ್ಟ್‌ವೆಂಗ್ಲರ್‌ನ 1948ರ ಬರ್ಲಿನ್ ಕಚೇರಿಯನ್ನು ಕೇಳಿ. ಮೊದಲ ಸ್ವರ ಎಲ್ಲಿಂದ ಹುಟ್ಟಿತೆಂದೇ ತಿಳಿಯುವುದಿಲ್ಲ, ಉಸಿರೆಳೆದುಕೊಂಡ ಹಾಗೆ ಬರುತ್ತದೆ. ಅದೇ ಭಾಗದ ಕೊನೆಗೆ ಬಂದಾಗ ಓಡುತ್ತಾನೆ, ಇನ್ನೂ ಓಡುತ್ತಾನೆ. ನಿಧಾನ ಎಂದು ನಿಮಗೆ ಅನ್ನಿಸಿದ್ದು ಬಹುಶಃ ಮೊದಲ ಎರಡು ನಿಮಿಷ ಕೇಳಿ ನಿಲ್ಲಿಸಿದ್ದರಿಂದ.

ಮೆಕೆರಸ್ ಇನ್ನೊಂದು ದಾರಿ ಹಿಡಿದ. ಈ ಸಿಂಫನಿ ಮೊದಲು ಕೇಳಿಸಿದ್ದು 1885ರ ಅಕ್ಟೋಬರ್ 25ರಂದು, ಜರ್ಮನಿಯ ಮೈನಿಂಗನ್ ಎಂಬ ಪುಟ್ಟ ಆಸ್ಥಾನದಲ್ಲಿ, ಬ್ರಾಮ್ಸ್‌ನ ನಿರ್ದೇಶನದಲ್ಲೇ. ಅಲ್ಲಿದ್ದವರು ಸುಮಾರು ಐವತ್ತು ವಾದಕರು. ಆ ಪ್ರಮಾಣವನ್ನು ನೆನಪಿಟ್ಟುಕೊಂಡು 1997ರಲ್ಲಿ ಮೆಕೆರಸ್ ಸ್ಕಾಟಿಷ್ ಚೇಂಬರ್ ಆರ್ಕೆಸ್ಟ್ರಾದೊಂದಿಗೆ ಧ್ವನಿಮುದ್ರಿಸಿದ. ತಂತಿವಾದ್ಯಗಳ ಸಂಖ್ಯೆ ಕಡಿಮೆಯಾದ್ದರಿಂದ ಕೊಳಲು, ಕ್ಲ್ಯಾರಿನೆಟ್‌ಗಳು ಹಿಂದೆ ಮುಚ್ಚಿಹೋಗುವುದಿಲ್ಲ. ಅದು ನಿಮಗೆ ಭಾರವೆನಿಸಿತು ಎಂದರೆ ನನ್ನ ಅನುಮಾನವೆಲ್ಲ ನಿಮ್ಮ ಯಂತ್ರದ ಮೇಲೆಯೇ.

ಶಿವಮೊಗ್ಗದ ಗಣಿತ ಟೀಚರ್:

ಪಕ್ಕದ ಮನೆಯ ಹುಡುಗಿ ಸಂಗೀತ ಕಲಿಯುತ್ತಾಳೆ, ಅವಳ ಹಾರ್ಮೋನಿಯಂ ತರಿಸಿದೆ. ಕೊನೆಯ ಹೊಡೆತ ಬಿಳಿ ಮೂರಕ್ಕೆ ಕೂಡಲಿಲ್ಲ. ಬಿಳಿ ನಾಲ್ಕಕ್ಕೆ ಹಚ್ಚಿಟ್ಟಂತೆ ಕೂಡಿತು.

ಗಡಿಯಾರ ಹಿಡಿದೂ ನೋಡಿದೆ. ಮೊಬೈಲಿನಲ್ಲಿ ಮೊದಲ ಭಾಗ ಹನ್ನೆರಡೂ ಮುಕ್ಕಾಲು ನಿಮಿಷಕ್ಕೆ ಹತ್ತಿರ, ನನ್ನ ಕ್ಯಾಸೆಟ್ಟಿನಲ್ಲಿ ಹನ್ನೆರಡು. ಒಂದು ಸ್ಥಾಯಿಯಲ್ಲಿ ಹನ್ನೆರಡು ಮೆಟ್ಟಿಲು, ಸ್ಥಾಯಿ ಏರಿದರೆ ಕಂಪನ ಎರಡು ಪಟ್ಟು. ಹಾಗಾಗಿ ಒಂದು ಮೆಟ್ಟಿಲಿಗೆ (ಬಿಳಿ ಮೂರರಿಂದ ನಾಲ್ಕಕ್ಕೆ ಅಷ್ಟೇ ದೂರ) ಎರಡರ ಹನ್ನೆರಡನೆಯ ಮೂಲ, ಅಂದರೆ 1.059. ಸುಮಾರು ಶೇಕಡ 6, ಗಡಿಯಾರ ತೋರಿಸಿದ ವ್ಯತ್ಯಾಸವೂ ಅಷ್ಟೇ. ಮೂವತ್ತನಾಲ್ಕು ವರ್ಷ ಮೂಲಗಳನ್ನು ಕಲಿಸಿದ್ದೇನೆ. ಉತ್ತರ ಇಷ್ಟು ಚೊಕ್ಕವಾಗಿ ಬಂದಾಗ ಸಂತೋಷವಾಗಬೇಕಿತ್ತು. ಆದರೆ ನನಗೆ ಅಳು ಬಂತು. ಇಷ್ಟು ವರ್ಷ ಕೇಳಿದ್ದು ಯಾರೂ ನುಡಿಸದೇ ಇದ್ದ ಸಂಗೀತವೇ?

ಲಕ್ಷ್ಮೀಪುರಂ ತಟ್ಟೆಗಳು (ಮೈಸೂರು):

ಟೀಚರ್, ನುಡಿಸಿದ್ದರು. ನೀವು ಕೇಳಿದ್ದು ಅವರನ್ನೇ, ಸ್ವಲ್ಪ ಬೇಗ. ಗ್ರಾಮಫೋನ್ ತಟ್ಟೆಗಳ ಕಾಲದಿಂದಲೂ ಕೇಳುಗರ ಪಾಡು ಇದೇ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕು ನಿಮಿಷದ ಮೇಲೆ ಸ್ವಲ್ಪ ಮಾತ್ರ ಹಿಡಿಸುತ್ತಿತ್ತು. ನಲವತ್ತು ನಿಮಿಷದ ಸಿಂಫನಿ ಎಂದರೆ ಹತ್ತು ಸಲ ಏಳುವುದು, ಹತ್ತು ಸಲ ಕೂರುವುದು. ಆ ತಟ್ಟೆಗಳಲ್ಲೇ ಬೆಳೆದವರಿಗೆ ಬ್ರಾಮ್ಸ್ ನಡುನಡುವೆ ತುಂಡಾಗದೆ ಬಂದರೆ ಏನೋ ತಪ್ಪಿದಂತೆ ಅನ್ನಿಸುತ್ತಿತ್ತು. ನಮ್ಮ ತಂದೆಯವರೇ ಹಾಗೆ ಹೇಳುತ್ತಿದ್ದರು.

ನೀವು ಹೇಳಿದ ಐದರಲ್ಲಿ ಎರಡು, ಅಂದರೆ ಕ್ಲೆಂಪರರ್ ಮತ್ತು ಟೊಸ್ಕನೀನಿ, ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದದವಾಗಿದ್ದರೆ (ಟೊಸ್ಕನೀನಿ ಅಮೆರಿಕದ ಎನ್‌ಬಿಸಿ ವಾದ್ಯವೃಂದದೊಂದಿಗೂ ಮಾಡಿದ್ದಾನೆ, ಹೊದಿಕೆ ನೋಡಿ), ಅವನ್ನು ಇನ್ನೊಮ್ಮೆ ಕೇಳಿ ಎಂದು ಕೈಮುಗಿದು ಕೇಳುತ್ತೇನೆ. ಅದಕ್ಕೆ ಕಾರಣ ಮೈಸೂರು.

ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದ. ಕಟ್ಟುವುದು ಬೇರೆ, ಉಳಿಸುವುದು ಬೇರೆ. ಆಗ ನೆರವಿಗೆ ಬಂದವರು ನಮ್ಮ ಜಯಚಾಮರಾಜೇಂದ್ರ ಒಡೆಯರು. ಲೆಗ್ ಮೈಸೂರಿಗೇ ಬಂದು ಅರಮನೆಯ ಅತಿಥಿಯಾಗಿ ಉಳಿದಿದ್ದ. ಮೂವತ್ತೂ ತುಂಬಿರದ ಮಹಾರಾಜರ ಧ್ವನಿಮುದ್ರಿಕೆಗಳ ಸಂಗ್ರಹ ನೋಡಿ ಬೆರಗಾದುದನ್ನು ಮುಂದೆ ತಾನೇ ಬರೆದಿದ್ದಾನೆ. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಮಹಾರಾಜರು ಒಪ್ಪಿದರು. ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಯಾರೂ ಧ್ವನಿಮುದ್ರಿಸಲು ಮುಂದೆ ಬಾರದಿದ್ದ ಕೃತಿಗಳ ಕಡೆಗೇ ಅವರ ಒಲವಿತ್ತು. 1949ರಲ್ಲಿ ಕಾರಾಯಾನ್ ನಿರ್ದೇಶಿಸಿದ, ರಷ್ಯದ ಸಂಗೀತಗಾರ ಬಲಾಕಿರೆವ್‌ನ ಮೊದಲ ಸಿಂಫನಿ ಹಾಗೆ ಹೊರಬಂದದ್ದು. 1864ರಲ್ಲಿ ಆರಂಭಿಸಿ 1897ರಲ್ಲಿ ಮುಗಿಸಿದ ಸಿಂಫನಿ ಅದು, ಮೂವತ್ತಮೂರು ವರ್ಷ! ಮೂರನೆಯ ಭಾಗದಲ್ಲಿ ಕ್ಲ್ಯಾರಿನೆಟ್ ಹಾಡುವ ಉದ್ದನೆಯ ಹಾಡನ್ನು ಕೇಳಿದಾಗಲೆಲ್ಲ ನನಗೆ ಅರಮನೆಯ ಕೋಣೆಯೊಂದರಲ್ಲಿ ಆ ತಟ್ಟೆ ತಿರುಗಿರಬಹುದಾದ ಸಂಜೆ ಕಣ್ಣಿಗೆ ಕಟ್ಟುತ್ತದೆ. ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೇ ಈ ಕೆಲಸವನ್ನೂ ಮಾಡಿದರು ಎಂಬುದನ್ನು ನಮ್ಮ ಊರಿನಲ್ಲೇ ಎಷ್ಟೋ ಜನ ಅರಿಯರು.

ಆ ಆಸರೆಯಿಂದ ನೆಲೆನಿಂತ ವಾದ್ಯವೃಂದದ ಎದುರು 1952ರಲ್ಲಿ ಎಂಬತ್ತೈದು ವರ್ಷದ ಟೊಸ್ಕನೀನಿ ನಿಂತ. ಎರಡು ಸಂಜೆಗಳಲ್ಲಿ, ಸೆಪ್ಟೆಂಬರ್ 29 ಮತ್ತು ಅಕ್ಟೋಬರ್ 1ರಂದು, ಬ್ರಾಮ್ಸ್‌ನ ನಾಲ್ಕೂ ಸಿಂಫನಿ. ನಾಲ್ಕನೆಯದರ ಕೊನೆಯ ಭಾಗದಲ್ಲಿ ಯಾರೋ ಹಚ್ಚಿದ ಪಟಾಕಿಯ ಸದ್ದು ಧ್ವನಿಮುದ್ರಣದಲ್ಲೇ ಇದೆ. ಒಬ್ಬ ವಾದಕನೂ ತಾಳ ತಪ್ಪುವುದಿಲ್ಲ. 1956–57ರಲ್ಲಿ ಕ್ಲೆಂಪರರ್ ಮಾಡಿದ್ದು ಸ್ಟೀರಿಯೊ. ಮೊದಲ ಪಿಟೀಲುಗಳನ್ನು ಎಡಕ್ಕೆ, ಎರಡನೆಯವನ್ನು ಬಲಕ್ಕೆ ಕೂರಿಸುವುದು ಅವನ ಪದ್ಧತಿ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ.

ಲೈಪ್‌ಜಿಗ್‌ನ ಕನ್ನಡಿಗ:

ಒಂದು ಸಣ್ಣ ಸಂಗತಿ. ಇಲ್ಲಿನ ಗೆವಾಂಡ್‌ಹೌಸ್ ವಾದ್ಯವೃಂದದೊಂದಿಗೆ ನಿರ್ದೇಶಕ ರಿಕಾರ್ಡೊ ಶೈಲೀ ಮಾಡಿದ ಬ್ರಾಮ್ಸ್ ಸಂಪುಟ 2013ರಲ್ಲಿ ಬಂತು. ನಾಲ್ಕನೆಯ ಸಿಂಫನಿಯ ಆರಂಭಕ್ಕೆ ಬ್ರಾಮ್ಸ್ ಬರೆದು ಕೈಬಿಟ್ಟ ನಾಲ್ಕು ಪಟ್ಟಿಗಳ (ತಾಳದ ಸುತ್ತುಗಳ) ಪೀಠಿಕೆಯನ್ನೂ ಅದರಲ್ಲಿ ಬೇರೆಯಾಗಿ ನುಡಿಸಿದ್ದಾರೆ. ಕೇಳಿದರೆ ಅವನು ಕೈಬಿಟ್ಟದ್ದು ಎಷ್ಟು ಸರಿ ಎಂದು ತಿಳಿಯುತ್ತದೆ. ಬಾಗಿಲು ತಟ್ಟದೆ ಒಳಗೆ ಬರುವುದೇ ಆ ರಾಗದ ಸೊಗಸು. ಈ ನಿರ್ದೇಶಕನ ನಡೆ ಚುರುಕು ಕೂಡ. ಟೀಚರ್‌ಗೆ ಹಿಡಿಸಬಹುದು.

ಶಿವಮೊಗ್ಗದ ಗಣಿತ ಟೀಚರ್:

ಹತ್ತು ದಿನ ಸುಮ್ಮನಿದ್ದೆ. ಕ್ಯಾಸೆಟ್ ಮುಟ್ಟಲಿಲ್ಲ. ದಿನಕ್ಕೊಂದು ಕೇಳಿದೆ, ಪ್ರತಿಯೊಂದನ್ನೂ ಕೊನೆಯವರೆಗೆ.

ಸರಿಯಾದ ಶ್ರುತಿಯ ಕ್ಲೈಬರ್ ಮೂರನೆಯ ದಿನ ದಕ್ಕಿದ. ಆರಂಭದ ಎರಡು ಸ್ವರ, ಒಂದು ಬಿಡುವು, ಮತ್ತೆರಡು ಸ್ವರ, ಮತ್ತೆ ಬಿಡುವು. ಆ ಬಿಡುವಿನಲ್ಲಿ ಗಾಳಿವಾದ್ಯಗಳು ಮೆಲ್ಲಗೆ ಉತ್ತರ ಕೊಡುತ್ತವೆ. ನನ್ನ ಯಂತ್ರ ಆ ಉತ್ತರವನ್ನು ನುಂಗಿಬಿಡುತ್ತಿತ್ತು. ಎರಡನೆಯ ಭಾಗವನ್ನು ಕೊಂಬುಗಳು ತೆರೆಯುವಾಗ ಬರುವುದು ನಮ್ಮ ತೋಡಿಯ ಸ್ವರಗಳೇ ಎಂದು ಹಾರ್ಮೋನಿಯಂ ಹುಡುಗಿ ತೋರಿಸಿಕೊಟ್ಟಳು. ಗಮಕವಿಲ್ಲದ ತೋಡಿ, ಬರಿಯ ಕಲ್ಲಿನ ಗೋಡೆಯಂತೆ ನಿಂತಿರುತ್ತದೆ.

ಕೊನೆಯ ಭಾಗದ ಲೆಕ್ಕ ನನಗೆ ಮೊದಲೇ ಗೊತ್ತಿತ್ತು. ಎಂಟು ಪಟ್ಟಿಗಳ ಎಂಟು ಸ್ವರ, ಅದರ ಮೇಲೆ ಮೂವತ್ತು ಬದಲಾವಣೆ, ಆಮೇಲೆ ಮುಕ್ತಾಯ. ತರಗತಿಯಲ್ಲಿ ಎಷ್ಟೋ ಸಲ ಮನಸ್ಸಿನಲ್ಲೇ ಎಣಿಸಿದ್ದೇನೆ. ಹನ್ನೆರಡನೆಯದರಲ್ಲಿ ಕೊಳಲು ಒಂಟಿಯಾಗುತ್ತದಲ್ಲ, ಅಲ್ಲಿ ಕ್ಲೆಂಪರರ್ ಅದನ್ನು ಅವಸರಿಸುವುದೇ ಇಲ್ಲ. ಮುಂದೆ ಹದಿನಾಲ್ಕನೆಯದರಲ್ಲಿ ಟ್ರಂಬೋನ್‌ಗಳು ಮೆತ್ತಗೆ ಬರುತ್ತವೆ. ಮೂರು ಭಾಗ ಸುಮ್ಮನೆ ಕೂತಿದ್ದವರು ಅವರು, ಕೊನೆಯ ಭಾಗಕ್ಕಾಗಿಯೇ ಬಂದವರು. ಆ ಜಾಗದಲ್ಲಿ ನನಗೆ ಕ್ಲೆಂಪರರ್ ಕ್ಲೈಬರ್‌ಗಿಂತ ಮೇಲೆನಿಸಿದ. ಇದನ್ನು ಬರೆಯಲು ಕೈ ನಡುಗುತ್ತಿದೆ, ಆದರೂ ನಿಜ. ಟೊಸ್ಕನೀನಿಯ ಪಟಾಕಿಯನ್ನೂ ಕೇಳಿದೆ.

ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಯಂತ್ರವನ್ನು ರಿಪೇರಿಗೆ ಕೊಡು ಎಂದ. ಕೊಡುವುದಿಲ್ಲ ಎಂದೆ. ಲಕ್ಷ್ಮೀಪುರಂನವರಿಗೆ ಒಂದು ಪ್ರಶ್ನೆ: ಆ ಬಲಾಕಿರೆವ್ ಈಗ ಸಿಗುತ್ತದೆಯೇ? ಮೂರನೆಯ ಭಾಗದಿಂದ ಆರಂಭಿಸಬಹುದೇ, ಮೊದಲಿನಿಂದಲೇ ಕೇಳಬೇಕೇ?

ಲಕ್ಷ್ಮೀಪುರಂ ತಟ್ಟೆಗಳು (ಮೈಸೂರು):

ಸಿಗುತ್ತದೆ ಟೀಚರ್, ಸಿಡಿಯಾಗಿ ಬಂದಿದೆ. ಮೊದಲಿನಿಂದಲೇ ಕೇಳಿ. ಮೂರನೆಯ ಭಾಗ ನಿಲ್ಲದೆ ನೇರವಾಗಿ ನಾಲ್ಕನೆಯದಕ್ಕೆ ಹರಿಯುತ್ತದೆ, ಅಲ್ಲಿ ಎದ್ದು ಹೋಗಬೇಡಿ.