ಸಹಾಯ ಬೇಕು: ವಿದ್ಯಾರ್ಥಿನಿಯ ಕನ್ನಡ ರೀಲ್ಸ್‌ಗಳನ್ನು ಲಿಂಕ್ಡ್‌ಇನ್‌ನಲ್ಲಿ ಹೇಗೆ ತೋರಿಸಬೇಕು?

ಎಲ್ಲರಿಗೂ ನಮಸ್ಕಾರ. ಶಿರಸಿಯ ಪದವಿ ಕಾಲೇಜೊಂದರಲ್ಲಿ ಅಂತಿಮ ವರ್ಷದ ಬಿ.ಕಾಂ. ವಿದ್ಯಾರ್ಥಿಗಳಿಗೆ ಉದ್ಯೋಗ ಮಾರ್ಗದರ್ಶನ ನೀಡುವ ಹೊಣೆ ನನ್ನ ಮೇಲಿದೆ. ಕ್ಯಾಂಪಸ್ ಸಂದರ್ಶನಕ್ಕೆಂದು ಇಲ್ಲಿಯವರೆಗೆ ಬರುವ ಕಂಪನಿಗಳು ಕಡಿಮೆಯಾದ್ದರಿಂದ, ನಮ್ಮ ಮಕ್ಕಳು ಉದ್ಯೋಗ ಸಂಪರ್ಕದ ಜಾಲತಾಣವಾದ ಲಿಂಕ್ಡ್‌ಇನ್ ಮೂಲಕವೇ ಕಂಪನಿಗಳಿಗೆ ಪರಿಚಯವಾಗಬೇಕಿದೆ. ಪ್ರೊಫೈಲ್‌ನಲ್ಲಿ ಹೆಸರಿನ ಕೆಳಗೆ ಬರುವ ಹೆಡ್‌ಲೈನ್‌ಗೆ ಇರುವ 220 ಅಕ್ಷರಗಳಲ್ಲಿ ‘ವಿದ್ಯಾರ್ಥಿ’ ಎಂದಷ್ಟೇ ಬರೆಯದೆ ಟ್ಯಾಲಿ, ಜಿಎಸ್‌ಟಿ ಮುಂತಾದ ಕೌಶಲಗಳನ್ನು ಸೇರಿಸಿದ್ದೇವೆ; ಕೆಲಸ ಹುಡುಕುತ್ತಿದ್ದೇವೆಂದು ತಿಳಿಸುವ ‘ಓಪನ್ ಟು ವರ್ಕ್’ ಆಯ್ಕೆಯನ್ನೂ ಬಳಸಿದ್ದೇವೆ. ಆದರೂ ಪ್ರತಿಕ್ರಿಯೆ ಬರುತ್ತಿಲ್ಲ.

ಅವರಲ್ಲಿ ಒಬ್ಬ ವಿದ್ಯಾರ್ಥಿನಿಗೆ ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಬೇಕಾಗಿದೆ. ಚಾಲಿ, ರಾಶಿ, ಬೆಟ್ಟೆ ಅಡಿಕೆಗಳ ವ್ಯತ್ಯಾಸವನ್ನು ಅಂಗಳದಲ್ಲೇ ನಿಂತು ವಿವರಿಸುವ ಅವಳ ಇನ್‌ಸ್ಟಾಗ್ರಾಂ ರೀಲ್ಸ್‌ಗಳ ಬರವಣಿಗೆ, ಚಿತ್ರೀಕರಣ, ಎಡಿಟಿಂಗ್ ಎಲ್ಲವೂ ಅವಳದ್ದೇ. ನನ್ನ ದೃಷ್ಟಿಯಲ್ಲಿ ಯಾವ ಪ್ರಮಾಣಪತ್ರಕ್ಕಿಂತಲೂ ಅದೇ ದೊಡ್ಡ ಪುರಾವೆ. ಆದರೆ ಅದೇ ಖಾತೆಯಲ್ಲಿ ಮನೆಯ ಮದುವೆ, ಗೆಳತಿಯರ ಫೋಟೋಗಳೂ ಇವೆ, ಮಾತೆಲ್ಲವೂ ಕನ್ನಡದಲ್ಲಿದೆ.

ನೇಮಕಾತಿಯ ಅನುಭವವಿರುವವರು ದಯವಿಟ್ಟು ತಿಳಿಸಿ: ಆ ಖಾತೆಯ ಲಿಂಕನ್ನು ಆಯ್ದ ಕೆಲಸಗಳನ್ನು ತೋರಿಸುವ ಲಿಂಕ್ಡ್‌ಇನ್‌ನ ‘ಫೀಚರ್ಡ್’ ವಿಭಾಗದಲ್ಲಿ ನೇರವಾಗಿ ಹಾಕಬಹುದೇ, ಅಥವಾ ಆಯ್ದ ರೀಲ್ಸ್‌ಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಸೇರಿಸಿ ಪ್ರತ್ಯೇಕ ಖಾತೆಯನ್ನೇ ತೆರೆಯುವುದು ಒಳ್ಳೆಯದೇ?