ಸ್ಪ್ರಿಂಟ್ ಮುಗಿಯುತ್ತದೆ, ಸ್ಟೋರಿಗಳು ಮುಗಿಯುವುದಿಲ್ಲ: ಟೆಸ್ಟರ್ ಸೇರಿಸಬೇಕೋ, ಸ್ಪ್ರಿಂಟ್ ಉದ್ದ ಮಾಡಬೇಕೋ?

ಪ್ರಶ್ನೆ: ಬೋರ್ಡ್‌ಕಾವಲು

ತಂಡದಲ್ಲಿ 9 ಜನ: 7 ಡೆವಲಪರ್‌ಗಳು, 2 ಟೆಸ್ಟರ್‌ಗಳು. ಎರಡು ವಾರದ ಸ್ಪ್ರಿಂಟ್ (ಒಂದು ಕಂತಿನ ಕೆಲಸಕ್ಕೆ ಗೊತ್ತುಮಾಡಿದ ಅವಧಿ). ಹಿಂದಿನಿಂದ ಉಳಿದವೂ ಸೇರಿ ಪ್ರತಿ ಸಲ 12 ಸ್ಟೋರಿ (ಬಳಕೆದಾರರಿಗೆ ಬೇಕಾದ ಒಂದೊಂದು ಸೌಲಭ್ಯದ ಕೆಲಸ) ಹಿಡಿಯುತ್ತೇವೆ, 5 ಮುಗಿಯುತ್ತವೆ, 7 ಮುಂದಕ್ಕೆ ಹೋಗುತ್ತವೆ. ಮೂರನೇ ದಿನಕ್ಕೇ ಹನ್ನೆರಡೂ ಶುರುವಾಗಿರುತ್ತವೆ. ಟೆಸ್ಟಿಂಗ್‌ಗೆ ಬರುವುದು ಮಾತ್ರ ಕೊನೆಯ ಎರಡು ದಿನ, ಎಲ್ಲವೂ ಒಟ್ಟಿಗೆ. ಅಂದಾಜು ಸರಿಹೋಗಲಿ ಅಂತ ಪ್ಲ್ಯಾನಿಂಗ್‌ಗೆ ಅರ್ಧ ದಿನ ಕೊಟ್ಟರೂ ಏನೂ ಬದಲಾಗಿಲ್ಲ. ಇನ್ನೊಬ್ಬ ಟೆಸ್ಟರ್ ಕೇಳುವುದೋ, ಸ್ಪ್ರಿಂಟನ್ನು ಮೂರು ವಾರಕ್ಕೆ ಎಳೆಯುವುದೋ?

ಉತ್ತರ: ಸಾಲುಗಣಿತ

ಸದ್ಯಕ್ಕೆ ಎರಡೂ ಬೇಡ. ನಿಮ್ಮ ತೊಂದರೆ ಅಂದಾಜಿನದಲ್ಲ, ಒಂದೇ ಸಲಕ್ಕೆ ಕೈಗೆತ್ತಿಕೊಂಡ ಕೆಲಸದ್ದು. ಜಾನ್ ಲಿಟ್ಲ್ 1961ರಲ್ಲಿ ಸಾಬೀತು ಮಾಡಿದ ನಿಯಮ ಇಲ್ಲಿ ನೇರವಾಗಿ ಅನ್ವಯಿಸುತ್ತದೆ: ಒಂದು ಕೆಲಸ ಹಿಡಿಯುವ ಸರಾಸರಿ ಕಾಲ ಅಂದರೆ, ನಡೆಯುತ್ತಿರುವ ಕೆಲಸಗಳ ಸಂಖ್ಯೆಯನ್ನು ಮುಗಿಯುವ ವೇಗದಿಂದ ಭಾಗಿಸಿದಷ್ಟು. ನಿಮ್ಮಲ್ಲಿ 10 ಕೆಲಸದ ದಿನಕ್ಕೆ 5 ಮುಗಿಯುತ್ತವೆ, ಅಂದರೆ ದಿನಕ್ಕೆ 0.5. ಬೋರ್ಡಿನ ಮೇಲೆ (ಕೆಲಸದ ಹಂತಕ್ಕೊಂದು ಕಾಲಮ್, ಸ್ಟೋರಿಗೊಂದು ಕಾರ್ಡ್ ಇರುವ ಹಲಗೆ) 12. ಭಾಗಿಸಿದರೆ 24 ದಿನ! ಮೂರು ವಾರದ ಸ್ಪ್ರಿಂಟಿನಲ್ಲಿ ಇರುವುದು 15 ದಿನ, ಅದಕ್ಕೂ ಹಿಡಿಸುವುದಿಲ್ಲ. ವೇಗ ಅಷ್ಟೇ ಇದ್ದು ಬೋರ್ಡಿನ ಮೇಲೆ 5 ಇದ್ದರೆ 10 ದಿನ. ಇದು ಸರಾಸರಿಯ ಲೆಕ್ಕ, ಒಳಬರುವ ಕೆಲಸ ಮತ್ತು ಮುಗಿಯುವ ಕೆಲಸ ಹೆಚ್ಚುಕಡಿಮೆ ಸಮ ಇದ್ದಾಗ ಮಾತ್ರ ಸರಿ. ಯಾವುದೋ ಒಂದು ಸ್ಟೋರಿಗೆ ಇದನ್ನು ಗಡುವಾಗಿ ಬಳಸಬೇಡಿ.

ಮಾಡಬೇಕಾದ್ದು: ಒಂದು ಸಲಕ್ಕೆ ಡೆವಲಪ್‌ಮೆಂಟ್ ಮತ್ತು ಕೋಡ್ ರಿವ್ಯೂ (ಬರೆದ ಕೋಡನ್ನು ಇನ್ನೊಬ್ಬರು ನೋಡುವುದು) ಸೇರಿ 3 ಕಾರ್ಡ್, ಟೆಸ್ಟಿಂಗ್ 2 ಎಂದು ಮಿತಿ ಹಾಕಿ. ‘ಟೆಸ್ಟಿಂಗ್‌ಗೆ ಸಿದ್ಧ’ ಎಂದು ಕಾಯುತ್ತಿರುವುದೂ ಟೆಸ್ಟಿಂಗ್ ಲೆಕ್ಕಕ್ಕೇ ಬರಬೇಕು. ಎಡವುವುದು ಸಾಮಾನ್ಯವಾಗಿ ಇಲ್ಲಿ: ‘ತಡೆಯಾಗಿದೆ’ ಅಂತ ಇನ್ನೊಂದು ಕಾಲಮ್ ಹುಟ್ಟಿಕೊಳ್ಳುತ್ತದೆ, ಸಿಕ್ಕಿಬಿದ್ದ ಕಾರ್ಡ್‌ಗಳನ್ನೆಲ್ಲ ಅಲ್ಲಿಗೆ ತಳ್ಳಿ ಹೊಸದು ಶುರುಮಾಡುತ್ತಾರೆ. ಮಿತಿ ಆ ದಿನವೇ ಸತ್ತಂತೆ. ತಡೆಯಾದ ಕಾರ್ಡ್ ತಾನಿದ್ದ ಕಾಲಮಿನಲ್ಲೇ ಇರಲಿ, ಮೇಲೊಂದು ಕೆಂಪು ಗುರುತು ಸಾಕು.

ಬೋರ್ಡ್‌ಕಾವಲು

7 ಡೆವಲಪರ್‌ಗಳಿಗೆ 3 ಕಾರ್ಡ್ ಅಂದರೆ ಉಳಿದ ನಾಲ್ವರು ಸುಮ್ಮನೆ ಕೂರಬೇಕೇ? ಮ್ಯಾನೇಜರ್‌ಗೆ ಏನಂತ ಹೇಳಲಿ?

ಸಾಲುಗಣಿತ

ಒಂದು ಕಾರ್ಡಿಗೆ ಇಬ್ಬರಂತೆ ಆರು ಜನ. ಏಳನೆಯವರ ಪಾಲಿಗೆ ರಿವ್ಯೂ, ಟೆಸ್ಟ್ ಡೇಟಾ, ಮುರಿದ ಬಿಲ್ಡ್ (ಎಲ್ಲರ ಕೋಡ್ ಜೋಡಿಸುವಾಗ ಕೆಟ್ಟದ್ದು) ಸರಿಪಡಿಸುವುದು. ಟೆಸ್ಟಿಂಗ್ ತುಂಬಿದ್ದರೆ ಡೆವಲಪರ್‌ಗಳೇ ಟೆಸ್ಟ್ ಮಾಡಬೇಕು, ಆದರೆ ತಾವು ಬರೆದ ಕೋಡನ್ನಲ್ಲ. ಮ್ಯಾನೇಜರ್‌ಗೆ ಇಂಥವರ ಕೈಯಲ್ಲಿ ಇಂಥ ಕೆಲಸ ಎಂದು ಹೇಳುವ ಬದಲು ಕಾರ್ಡ್ ಎಷ್ಟು ದಿನದಿಂದ ನಿಂತಿದೆ ಎಂದು ತೋರಿಸಿ. ಮೊದಲ ದಿನವೇ 5ಕ್ಕೆ ಇಳಿಸುವುದು ಕಷ್ಟವಾದರೆ ಒಟ್ಟು 8ರಿಂದ ಶುರುಮಾಡಿ, ಪ್ರತಿ ಸ್ಪ್ರಿಂಟಿಗೆ ಒಂದೊಂದು ಕಡಿಮೆ ಮಾಡುತ್ತ ಬನ್ನಿ.

ಉತ್ತರ: ಸಣ್ಣತುಂಡು

ಮೇಲಿನ ಲೆಕ್ಕ ಸರಿ, ಆದರೆ ಗಮನಿಸಿ: 5ಕ್ಕೆ ಇಳಿಸಿದರೂ ಸರಾಸರಿ 10 ದಿನ, ಅಂದರೆ ಪೂರ್ತಿ ಸ್ಪ್ರಿಂಟ್. ಸ್ಪ್ರಿಂಟಿನ ಮೊದಲ ದಿನ ಶುರುವಾಗದ ಸ್ಟೋರಿ ಮತ್ತೆ ಉಳಿಯುವುದೇ ಹೆಚ್ಚು. ಸ್ಟೋರಿಯನ್ನೇ ಚಿಕ್ಕದು ಮಾಡದೆ ದಾರಿಯಿಲ್ಲ. ಟೆಸ್ಟಿಂಗೂ ಸೇರಿ 2–3 ದಿನದಲ್ಲಿ ಮುಗಿಯುವಷ್ಟಿರಲಿ.

ಒಡೆಯುವಾಗ ಡೇಟಾಬೇಸ್ ಒಂದು, ಎಪಿಐ (ಡೇಟಾಬೇಸನ್ನೂ ಸ್ಕ್ರೀನನ್ನೂ ಜೋಡಿಸುವ ಕೋಡ್) ಒಂದು, ಸ್ಕ್ರೀನ್ ಒಂದು ಎಂದು ಪದರ ಪದರವಾಗಿ ಒಡೆಯುತ್ತಾರಲ್ಲ, ನಿಮ್ಮ ಕೊನೆಯ ಎರಡು ದಿನದ ಗದ್ದಲಕ್ಕೆ ಅದೂ ಒಂದು ಕಾರಣ ಇರಬಹುದು: ಮೂರೂ ಸೇರುವವರೆಗೆ ಬಳಕೆದಾರನ ಕಡೆಯಿಂದ ಟೆಸ್ಟ್ ಮಾಡಲು ಏನೂ ಇರುವುದಿಲ್ಲ. ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವ ಸ್ಟೋರಿ ತೆಗೆದುಕೊಳ್ಳಿ. ಮೊದಲ ತುಂಡು: ಇಮೇಲ್‌ಗೆ ಒಂದೇ ಸಲ ಕೆಲಸ ಮಾಡುವ ಲಿಂಕ್, ಅದರಿಂದ ಹೊಸ ಪಾಸ್‌ವರ್ಡ್. ಎರಡನೆಯದು: ಲಿಂಕಿಗೆ ಕಾಲಮಿತಿ. ಮೂರನೆಯದು: ಪದೇ ಪದೇ ಕೇಳುವವರಿಗೆ ತಡೆ. ಪ್ರತಿ ತುಂಡೂ ಸ್ಕ್ರೀನಿನಿಂದ ಡೇಟಾಬೇಸಿನವರೆಗೆ ಇಳಿಯುತ್ತದೆ, ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಟೆಸ್ಟ್ ಮಾಡಬಹುದು. ಮೂರೂ ಮುಗಿಯುವವರೆಗೆ ಬಳಕೆದಾರರಿಗೆ ಕಾಣಿಸಬಾರದು ಅಂತಿದ್ದರೆ ಫೀಚರ್ ಫ್ಲ್ಯಾಗ್ (ಫೀಚರನ್ನು ಆನ್, ಆಫ್ ಮಾಡುವ ಸ್ವಿಚ್) ಹಿಂದೆ ಇಡಿ, ಬ್ರಾಂಚ್‌ನಲ್ಲಿ (ಮುಖ್ಯ ಕೋಡಿಗೆ ಸೇರದ ಪ್ರತ್ಯೇಕ ಪ್ರತಿಯಲ್ಲಿ) ಇಟ್ಟುಕೊಂಡು ಕಾಯಬೇಡಿ.

ಕೋಡ್ ಬರೆಯುವ ಮೊದಲು ಪ್ರಾಡಕ್ಟ್ ಓನರ್ (ಯಾವ ಕೆಲಸ ಬೇಕೆಂದು ನಿರ್ಧರಿಸುವವರು), ಡೆವಲಪರ್, ಟೆಸ್ಟರ್ ಮೂವರೂ ಅರ್ಧ ಗಂಟೆ ಕೂತು ಉದಾಹರಣೆಗಳನ್ನು ಬರೆದಿಡಲಿ: ಲಿಂಕ್ ಎರಡನೇ ಸಲ ಒತ್ತಿದರೆ ಏನಾಗಬೇಕು, ನೋಂದಾಯಿಸದ ಇಮೇಲ್ ಕೊಟ್ಟರೆ ಯಾವ ಸಂದೇಶ ಬರಬೇಕು. ಟೆಸ್ಟಿಂಗ್‌ನಲ್ಲಿ ಸಿಕ್ಕಿ ವಾಪಸ್ ಬರುವ ಎಷ್ಟೋ ದೋಷಗಳು ಈ ಅರ್ಧ ಗಂಟೆಯಲ್ಲೇ ಮೇಲೆ ಬರುತ್ತವೆ. ಉದಾಹರಣೆಗಳು ಎಂಟು ಹತ್ತು ದಾಟಿದರೆ ಸ್ಟೋರಿ ಇನ್ನೂ ದೊಡ್ಡದಿದೆ ಎಂದರ್ಥ.

ಉತ್ತರ: ಬಲದಿಂದಎಡಕ್ಕೆ

ಟೆಸ್ಟರ್ ವಿಚಾರದಲ್ಲಿ ‘ಬೇಡ’ ಅಂತ ನಾನು ಅಷ್ಟು ಖಡಾಖಂಡಿತವಾಗಿ ಹೇಳಲಾರೆ. ಮಿತಿ ಹಾಕಿ, ಸ್ಟೋರಿ ಚಿಕ್ಕದು ಮಾಡಿದ ಮೇಲೂ ಟೆಸ್ಟಿಂಗ್ ಕಾಲಮ್ ಸದಾ ತುಂಬಿದ್ದರೆ ಇಕ್ಕಟ್ಟು ನಿಜಕ್ಕೂ ಅಲ್ಲೇ ಇದೆ. ಆಗಲೂ ಮೊದಲು ಟೆಸ್ಟರ್‌ಗಳ ಸಮಯ ಎಲ್ಲಿ ಹೋಗುತ್ತಿದೆ ನೋಡಿ. ಹಳೆಯ ಫೀಚರ್‌ಗಳನ್ನೇ ಕೈಯಾರೆ ಮತ್ತೆ ಮತ್ತೆ ಪರೀಕ್ಷಿಸುವುದರಲ್ಲಿ ಹೋಗುತ್ತಿದ್ದರೆ ಅದನ್ನು ಆಟೊಮೇಟ್ ಮಾಡಿ, ಅದು ಇಡೀ ತಂಡದ ಕೆಲಸ. ಜನ ಸೇರಿಸುವುದಕ್ಕೂ ಖರ್ಚಿದೆ: 9 ಜನರ ನಡುವೆ ಮಾತಿನ ಕೊಂಡಿಗಳು 36, ಹತ್ತನೆಯವರು ಬಂದರೆ 45. ಸ್ಕ್ರಮ್ ಗೈಡ್‌ನ (ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುವ ಸ್ಕ್ರಮ್ ಪದ್ಧತಿಯ ಕೈಪಿಡಿ) 2020ರ ಆವೃತ್ತಿ ತಂಡ ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಕಡಿಮೆ ಎನ್ನುತ್ತದೆ.

ದಿನದ 15 ನಿಮಿಷದ ಸಭೆಯಲ್ಲಿ ಒಬ್ಬೊಬ್ಬರೇ ವರದಿ ಒಪ್ಪಿಸುವುದನ್ನು ಬಿಡಿ. ಬೋರ್ಡಿನ ಬಲಗಡೆಯಿಂದ ಎಡಕ್ಕೆ ಬನ್ನಿ, ಮುಗಿಯಲು ಹತ್ತಿರ ಇರುವ ಕಾರ್ಡ್ ಮೊದಲು. ಕೇಳುವುದು ಒಂದೇ: ಇದನ್ನು ಇವತ್ತು ಮುಂದೆ ಸರಿಸಲು ಯಾರು ಬೇಕು?

ಉಳಿದ ಸ್ಟೋರಿಗೆ ಅರ್ಧ ಪಾಯಿಂಟ್ (ಪಾಯಿಂಟ್ ಅಂದರೆ ಸ್ಟೋರಿಯ ಗಾತ್ರದ ಅಂದಾಜು) ಕೊಡಬೇಡಿ. ಅದು ಬ್ಯಾಕ್‌ಲಾಗ್‌ಗೆ (ಮಾಡಬೇಕಾದ ಕೆಲಸಗಳ ಪಟ್ಟಿಗೆ) ವಾಪಸ್ ಹೋಗಲಿ, ಈಗಲೂ ಬೇಕೇ ಎಂದು ಪ್ರಾಡಕ್ಟ್ ಓನರ್ ಹೇಳಲಿ. ವೆಲಾಸಿಟಿಯನ್ನು (ಒಂದು ಸ್ಪ್ರಿಂಟಿನಲ್ಲಿ ಮುಗಿದ ಪಾಯಿಂಟ್‌ಗಳ ಮೊತ್ತ) ಯಾರಿಗೂ ಗುರಿಯಾಗಿ ಕೊಡಬೇಡಿ: ಕೊಟ್ಟರೆ 3 ಪಾಯಿಂಟಿನ ಸ್ಟೋರಿ ಮುಂದಿನ ತಿಂಗಳು 5 ಆಗುತ್ತದೆ, ಕೆಲಸ ಅಷ್ಟೇ ಇರುತ್ತದೆ. ಅದರ ಬದಲು ಪ್ರತಿ ಕಾರ್ಡ್ ಮೇಲೆ ಶುರುವಾದ ತಾರೀಖು ಬರೆಯಿರಿ. ಐದು ದಿನ ದಾಟಿದ ಯಾವುದೇ ಕಾರ್ಡ್ ಬಗ್ಗೆ ಅವತ್ತೇ ಮಾತಾಡಿ, ರೆಟ್ರೊವರೆಗೆ (ಸ್ಪ್ರಿಂಟ್ ಕೊನೆಯ ಹಿನ್ನೋಟದ ಸಭೆ) ಕಾಯಬೇಡಿ.