ಸೆನ್ಸರ್ ಹಾಕಿಸಿದರೆ ಕರೆಂಟ್ ಬಿಲ್ ಇಳಿಯುತ್ತದಾ? ಎನರ್ಜಿ ಆಡಿಟರ್ ಜೊತೆ ಪ್ರಶ್ನೋತ್ತರ

(ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ನಿವಾಸಿಗಳ ಗುಂಪು)

ಎ ಬ್ಲಾಕ್: ಮೆಟ್ಟಿಲ ಲೈಟುಗಳಿಗೆಲ್ಲ ಮೋಷನ್ ಸೆನ್ಸರ್ ಹಾಕಿಸಿದರೆ ಎಷ್ಟು ಉಳಿಯುತ್ತದೆ ಸರ್?

ಆಡಿಟರ್: 9 ವ್ಯಾಟ್ ಎಲ್‌ಇಡಿ ಹಗಲೂ ರಾತ್ರಿ ಉರಿದರೂ ತಿಂಗಳಿಗೆ ಸುಮಾರು 6.5 ಯೂನಿಟ್. ಮೊದಲು ಹಗಲು ಹೊತ್ತು ಆರಿಸಿ. ಅರ್ಧ ಅಲ್ಲೇ ಉಳಿಯುತ್ತದೆ.

ಬಿ ಬ್ಲಾಕ್: ಪ್ಲಗ್‌ಗೆ ಸಿಕ್ಕಿಸುವ ಪವರ್ ಸೇವರ್ ಡಬ್ಬಿಯಿಂದ ಬಿಲ್ 40% ಇಳಿಯುತ್ತದಂತೆ. ವಾಟ್ಸಾಪ್‌ನಲ್ಲಿ ಬಂತು.

ಆಡಿಟರ್: ಒಳಗಿರುವುದು ಸಣ್ಣ ಕೆಪಾಸಿಟರ್. ಮನೆ ಮೀಟರ್ ಯೂನಿಟ್ ಲೆಕ್ಕ ಹಾಕುತ್ತದೆ, ಅದನ್ನು ಈ ಡಬ್ಬಿ ಇಳಿಸುವುದಿಲ್ಲ. ದುಡ್ಡು ದಂಡ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಸಿ ಬ್ಲಾಕ್ ಖಜಾಂಚಿ: ಬೇಸ್‌ಮೆಂಟಿನ ಎಕ್ಸಾಸ್ಟ್ ಫ್ಯಾನ್‌ಗಳನ್ನು ಸಿಒ (ಕಾರ್ಬನ್ ಮಾನಾಕ್ಸೈಡ್, ಎಂಜಿನ್ ಹೊಗೆಯಲ್ಲಿರುವ ವಿಷಾನಿಲ) ಸೆನ್ಸರ್‌ಗೆ ಜೋಡಿಸಿದ್ದೇವೆ. ಆಮೇಲೆ ಒಂದು ಸಲವೂ ಓಡಿಲ್ಲ, ಬಿಲ್ ಚೆನ್ನಾಗಿ ಇಳಿದಿದೆ. ಫೋಟೊ ಹಾಕಿದ್ದೇನೆ. ಪಂಪ್‌ಗೂ ಹೀಗೆ ಮಾಡಬಹುದಾ?

ಆಡಿಟರ್: ಪಂಪ್ ಆಮೇಲೆ. ಒಂದು ಸಲವೂ ಓಡಿಲ್ಲ ಅನ್ನುವುದೇ ನನಗೆ ಭಯ. ಬೆಳಿಗ್ಗೆ ಎಲ್ಲರೂ ಕಾರು ತೆಗೆಯುವ ಹೊತ್ತಿನಲ್ಲೂ ಸೊನ್ನೆ ತೋರಿಸುತ್ತಿದ್ದರೆ ಸೆನ್ಸರ್ ಕೆಟ್ಟಿರಬೇಕು, ಇಲ್ಲವೇ ತಪ್ಪು ಜಾಗದಲ್ಲಿರಬೇಕು. ನಿಮ್ಮ ಫೋಟೊದಲ್ಲಿ ಅದು ರ‍್ಯಾಂಪ್ ಪಕ್ಕ, ಸೀಲಿಂಗಿಗೆ ಅಂಟಿಕೊಂಡಿದೆ. ಹೊರಗಿನ ಗಾಳಿ ಬರುವುದೇ ಅಲ್ಲಿ. ಸಾಲದ್ದಕ್ಕೆ ಜಾಲರಿಯ ತೂತುಗಳ ಮೇಲೆ ಬಿಳಿ ಪೇಂಟ್ ಕೂತಿದೆ! ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ಹಾಗಾಗಿ ಸೆನ್ಸರ್ ನಾವು ಉಸಿರಾಡುವ ಎತ್ತರದಲ್ಲಿ, ಸುಮಾರು 5 ಅಡಿಗೆ ಇರಬೇಕು. ಒಳಗಿನ ಸೆಲ್ (ಗ್ಯಾಸ್ ಗುರುತಿಸುವ ಭಾಗ) ಕೆಲವು ವರ್ಷಕ್ಕೆ ಸವೆಯುತ್ತದೆ, ಸತ್ತ ಸೆಲ್ ಕೂಡ ಸೊನ್ನೆ ತೋರಿಸಬಹುದು. ಟೆಸ್ಟ್ ಗ್ಯಾಸ್ ಹಾಯಿಸಿ ಕ್ಯಾಲಿಬ್ರೇಶನ್ ಮಾಡಿಸಿ, ಅಂದರೆ ರೀಡಿಂಗ್ ಸರಿಯಿದೆಯಾ ನೋಡಿ ಹೊಂದಿಸಲಿ. ಅಲ್ಲಿಯವರೆಗೆ ಫ್ಯಾನ್ ಮೊದಲಿನ ಹಾಗೇ ಓಡಲಿ. ಉಳಿತಾಯವೇ ಬೇಕಿದ್ದರೆ ಸರಿಯಾದ ಸೆನ್ಸರ್‌ಗೆ ವಿಎಫ್‌ಡಿ (ಮೋಟರಿನ ವೇಗ ಹೆಚ್ಚುಕಡಿಮೆ ಮಾಡುವ ಸಾಧನ) ಜೋಡಿಸಿ. ಫ್ಯಾನಿನ ವೇಗ 80%ಗೆ ಇಳಿದರೆ ಕರೆಂಟ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅಂದಹಾಗೆ, ಡಿಜಿ (ಡೀಸೆಲ್ ಜನರೇಟರ್) ಎಲ್ಲಿದೆ? ಕೆಳಗೆ ಯಾರಾದರೂ ಮಲಗುತ್ತಾರಾ?

ಡಿ ಬ್ಲಾಕ್: ಇವಿ ಚಾರ್ಜರ್‌ಗೆ ಲೋಡ್ ಕಂಟ್ರೋಲರ್ ಬೇಕಾ ಸರ್?

ಎ ಬ್ಲಾಕ್: ಗೀಸರ್ ದಿನವಿಡೀ ಆನ್ ಇಟ್ಟರೆ ಖರ್ಚು ಕಡಿಮೆ ಅಂತ ಫಾರ್ವರ್ಡ್ ಬಂದಿದೆ. ನಿಜವಾ?

ಆಡಿಟರ್: ಸುಳ್ಳು. ಸ್ನಾನಕ್ಕೆ ಮುಂಚೆ ಹಾಕಿ, ಆಮೇಲೆ ಆರಿಸಿ.

ಬಿ ಬ್ಲಾಕ್ 2ನೇ ಮಹಡಿ: ಮೆಟ್ಟಿಲಿಗೆ ಸೆನ್ಸರ್ ಬೇಡವೇ ಬೇಡ. ನಮ್ಮಲ್ಲಿ ಹಾಕಿದ್ದಾರೆ. ಅತ್ತೆ ನಿಧಾನಕ್ಕೆ ಇಳಿಯುತ್ತಾರೆ, ಅರ್ಧ ದಾರಿಯಲ್ಲೇ ಲೈಟ್ ಆರುತ್ತದೆ.

ಎ ಬ್ಲಾಕ್: ಲಿಫ್ಟ್ ಇದೆ ಅಲ್ವಾ? ನಿಮ್ಮೊಬ್ಬರಿಗಾಗಿ ಎಲ್ಲರೂ ಯಾಕೆ ದುಡ್ಡು ಕೊಡಬೇಕು?

ಬಿ ಬ್ಲಾಕ್ 2ನೇ ಮಹಡಿ: ಕರೆಂಟ್ ಹೋದಾಗ ಲಿಫ್ಟ್ ನೀವು ಎಳೀತೀರಾ?

ಎ ಬ್ಲಾಕ್: ಮಾತು ಸರಿ ಇರಲಿ. ಮೇಂಟೆನೆನ್ಸ್ ಬಾಕಿ ಇಟ್ಟುಕೊಂಡವರು ಜಾಸ್ತಿ ಮಾತಾಡಬೇಡಿ.

ಬಿ ಬ್ಲಾಕ್ 2ನೇ ಮಹಡಿ: ಯಾರದ್ದು ಬಾಕಿ? ರಸೀದಿ ಹಾಕಲಾ?

ಆಡಿಟರ್: ಟೈಮರ್ ಹೆಚ್ಚಿಸಿ, ಇಲ್ಲವೇ ಸದಾ ಮಂದವಾಗಿ ಉರಿದು, ಜನ ಬಂದಾಗ ಜೋರಾಗುವ ಲೈಟ್ ಹಾಕಿ. ಬಾಕಿ ವಿಷಯ ಇಲ್ಲಿ ಬೇಡ.

ಬಿ ಬ್ಲಾಕ್: ಸರ್, ನಮ್ಮ ಭಾವನ ಮನೆಯಲ್ಲಿ ಪವರ್ ಸೇವರ್‌ನಿಂದ ನಿಜವಾಗಿಯೂ ಇಳಿದಿದೆ.

ಆಡಿಟರ್: ಮೇಲೆ ಬರೆದಿದ್ದೇನೆ. ಓದಿ.

ಡಿ ಬ್ಲಾಕ್: ಸರ್, ಇವಿ?

ಆಡಿಟರ್: ಖಜಾಂಚಿಯವರೇ, ಡಿಜಿ ಎಲ್ಲಿದೆ ಅಂತ ಕೇಳಿದ್ದೆ.

ಸಿ ಬ್ಲಾಕ್ ಖಜಾಂಚಿ: ಬೇಸ್‌ಮೆಂಟಿನಲ್ಲೇ. ಪಕ್ಕದ ರೂಮಿನಲ್ಲಿ ವಾಚ್‌ಮನ್ ಮಲಗುತ್ತಾರೆ. ಭಾನುವಾರದ ಮೀಟಿಂಗ್‌ನಲ್ಲಿ ಚರ್ಚೆಗೆ ಇಡುತ್ತೇನೆ.

ಆಡಿಟರ್: ಭಾನುವಾರದವರೆಗೆ ಕಾಯಬೇಡಿ. ಈಗಲೇ ಕೆಳಗೆ ಹೋಗಿ ಫ್ಯಾನ್‌ಗಳನ್ನು ಮ್ಯಾನ್ಯುಯಲ್‌ಗೆ ಹಾಕಿ. ವಾಚ್‌ಮನ್ ಇವತ್ತು ರಾತ್ರಿ ಮೇಲೆ ಮಲಗಲಿ. ಆದ ಮೇಲೆ ಇಲ್ಲಿ ತಿಳಿಸಿ.